ಹಳೆಯ ರಿಮ್‌ಫೈರ್ ರೈಫಲಿನ ಜೀರ್ಣೋದ್ಧಾರವೂ ಅದರ ಸೈಟುಗಳನ್ನು ಸರಿಪಡಿಸುವ ಕ್ರಮವೂ

ಭೂಹಿಡುವಳಿದಾರರಿಗೂ ಗ್ರಾಮದ ಯಜಮಾನರಿಗೂ ತಿಳಿವಳಿಕೆ

ಮಲೆನಾಡಿನ ತೋಟದ ಮನೆಗಳಲ್ಲಿಯೂ ಬಯಲುಸೀಮೆಯ ಹಳೆಯ ವಾಡೆಗಳಲ್ಲಿಯೂ ತಾತಂದಿರ ಕಾಲದ ಬಂದೂಕೊಂದು ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಲ್ಪಟ್ಟು ಬಿದ್ದಿರುವುದುಂಟು. ಅವುಗಳಲ್ಲಿ ಪಾಯಿಂಟ್ ಟ್ವೆಂಟಿಟೂ ಬೋರಿನ ಸಣ್ಣ ರೈಫಲುಗಳೂ ಸೇರಿರುತ್ತವೆ. ಮನೆಯ ಕಿರಿಯರು ಇಂತಹುದನ್ನು ಕಂಡೊಡನೆ ಅರ, ಮರಳುಕಾಗದಗಳನ್ನು ಹಿಡಿದು ಅದನ್ನು ಹೊಸದರಂತೆ ಹೊಳೆಯಿಸಲು ಹೊರಡುತ್ತಾರೆ. ಐವತ್ತು ವರ್ಷದ ತುಕ್ಕು ಮಾಡದ ಕೆಡುಕನ್ನು ಒಂದು ಮಧ್ಯಾಹ್ನದ ಈ ಉತ್ಸಾಹವು ಮಾಡಿಬಿಡುತ್ತದೆ.

ಈ ಕರಪತ್ರದಲ್ಲಿ ಹೇಳತಕ್ಕ ಮುಖ್ಯ ಮಾತು ಒಂದೇ. ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕೆಲಸವನ್ನು ಮೊದಲು ಮಾಡಬೇಕು. ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸವನ್ನು ಕಟ್ಟಕಡೆಗೆ, ಬೇರೆ ದಾರಿಯಿಲ್ಲದಿದ್ದಾಗ ಮಾತ್ರ ಮಾಡಬೇಕು. ಎಣ್ಣೆ ಹಚ್ಚಿದರೆ ಒರಸಬಹುದು; ತಿರುಪನ್ನು ಸಡಿಲಿಸಿದರೆ ಬಿಗಿಯಬಹುದು; ಅರದಿಂದ ಉಜ್ಜಿ ತೆಗೆದ ಲೋಹವು ಮಾತ್ರ ಮರಳಿ ಬಾರದು.

1. ಮೊದಲು ಕಾಗದಪತ್ರ

ಬಂದೂಕನ್ನು ಮುಟ್ಟುವುದಕ್ಕೆ ಮುಂಚೆ ಅದರ ಲೈಸೆನ್ಸು ಯಾರ ಹೆಸರಿನಲ್ಲಿದೆಯೆಂದು ನೋಡತಕ್ಕದ್ದು. 1959ನೆಯ ಇಸವಿಯ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಲೈಸೆನ್ಸಿಲ್ಲದೆ ಬಂದೂಕನ್ನು ಮನೆಯಲ್ಲಿಡುವುದು ಅಪರಾಧವು. ಲೈಸೆನ್ಸುದಾರರು ತೀರಿಕೊಂಡಿದ್ದರೆ, ಆ ಬಂದೂಕು ಪಿತ್ರಾರ್ಜಿತವೆಂಬ ಮಾತ್ರಕ್ಕೆ ವಾರಸುದಾರರು ಅದನ್ನು ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಯಲ್ಲಾಗಲಿ ಅದನ್ನು ಠೇವಣಿಯಿಟ್ಟು, ರಸೀತಿ ಪಡೆದು, ತಮ್ಮ ಹೆಸರಿಗೆ ಲೈಸೆನ್ಸು ಕೋರಿ ಅರ್ಜಿ ಕೊಡಬೇಕು. 2019ನೆಯ ಇಸವಿಯ ತಿದ್ದುಪಡಿಯಿಂದ, ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿದಿದೆಯೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಇದೇ ಅಧಿನಿಯಮವು ಬಂದೂಕಿನ ಮೇಲಿರುವ ಹೆಸರು, ನಂಬರು ಮತ್ತು ಗುರುತಿನ ಮುದ್ರೆಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ನಳಿಗೆಯನ್ನು ಮೋಟುಮಾಡುವುದಕ್ಕೂ ಪ್ರತ್ಯೇಕ ಅಪ್ಪಣೆ ಬೇಕು. ತುಕ್ಕು ತೆಗೆಯುವವರು ಈ ವಿಷಯದಲ್ಲಿ ಬಹಳ ಜಾಗರೂಕರಾಗಿರಬೇಕು. ಕೆಲವು ವರ್ಷಗಳ ಹಿಂದೆ ನಾನು ಸರ್ಕೀಟಿನಲ್ಲಿದ್ದಾಗ ಒಬ್ಬ ಅಡಿಕೆ ಬೆಳೆಗಾರರು ತಮ್ಮ ರೈಫಲನ್ನು ತೋರಿಸಿದರು. ಅವರ ಮಗನು ಅದನ್ನು ಮರಳುಕಾಗದದಿಂದ ಬೆಳ್ಳಿಯಂತೆ ಹೊಳೆಯಿಸಿದ್ದನು. ಆದರೆ ನಂಬರಿನ ಐದು ಅಂಕೆಗಳಲ್ಲಿ ಎರಡು ಮಾಸಿಹೋಗಿದ್ದವು. ಲೈಸೆನ್ಸು ನವೀಕರಿಸುವ ಸಮಯದಲ್ಲಿ ನಂಬರು ತಾಳೆಯಾಗದೆ, ಆ ಯಜಮಾನರು ಕಚೇರಿಯಿಂದ ಕಚೇರಿಗೆ ಅಲೆದು, ತಾವು ಕಳ್ಳರಲ್ಲವೆಂದು ರುಜುವಾತುಪಡಿಸಬೇಕಾಗಿ ಬಂತು. ತುಕ್ಕಿದ್ದ ಬಂದೂಕಿಗೆ ಮರ್ಯಾದೆ ಇತ್ತು. ಹೊಳೆಯುವ ಬಂದೂಕಿಗೆ ಅದು ಇಲ್ಲದಂತಾಯಿತು.

2. ಈ ರೈಫಲಿನ ಸ್ವರೂಪ

ರಿಮ್‌ಫೈರ್ ಎಂದರೆ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ತೋಟಾ. ದೊಡ್ಡ ತೋಟಾಗಳಲ್ಲಿ ಬೆಂಕಿ ಹೊತ್ತಿಸುವ ಮದ್ದು ತಳದ ನಡುವೆ ಸಣ್ಣ ಬಟ್ಟಲಿನಲ್ಲಿರುತ್ತದೆ. ಇದರಲ್ಲಿಯಾದರೋ ಆ ಮದ್ದು ಹಿತ್ತಾಳೆಯ ತಳದ ಮಡಿಸಿದ ಅಂಚಿನೊಳಗೆ ಸುತ್ತಲೂ ಇರುತ್ತದೆ. ಸೂಜಿಯು ಆ ಅಂಚನ್ನು ಜಜ್ಜಿದಾಗ ಮದ್ದು ಹೊತ್ತಿಕೊಳ್ಳುತ್ತದೆ. 1845ರ ಸುಮಾರಿನಲ್ಲಿ ಫ್ರಾನ್ಸಿನ ಫ್ಲೋಬೇರ್ ಎಂಬಾತನು ಈ ಬಗೆಯ ಚಿಕ್ಕ ತೋಟಾಕ್ಕೆ ತಳಹದಿ ಹಾಕಿದನು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯವರು 'ಶಾರ್ಟ್' ತೋಟಾವನ್ನೂ, 1887ರಲ್ಲಿ ಅದೇ ದೇಶದ ಸ್ಟೀವನ್ಸ್ ಕಂಪೆನಿಯವರು 'ಲಾಂಗ್ ರೈಫಲ್' ತೋಟಾವನ್ನೂ ಹೊರತಂದರು. ಈಗ ಎಲ್ಲೆಡೆಯೂ ಬಳಕೆಯಲ್ಲಿರುವುದು ಈ ಕಡೆಯದೇ. ಇದರ ಸೀಸದ ಗುಂಡು ಸಾಮಾನ್ಯವಾಗಿ 40 ಗ್ರೇನು, ಎಂದರೆ ಸುಮಾರು ಎರಡೂವರೆ ಗ್ರಾಮು ತೂಗುತ್ತದೆ.

ನಿಮ್ಮ ರೈಫಲಿಗೆ ಯಾವ ತೋಟಾ ತಕ್ಕುದೆಂಬುದು ನಳಿಗೆಯ ಮೇಲೆ ಕೊರೆದಿರುತ್ತದೆ. ಅದನ್ನು ಓದದೆ ತೋಟಾ ಕೊಳ್ಳಕೂಡದು. 'ಶಾರ್ಟ್' ತೋಟಾಕ್ಕೆಂದು ಮಾಡಿದ ರೈಫಲಿಗೆ 'ಲಾಂಗ್ ರೈಫಲ್' ತೋಟಾವನ್ನು ಬಲವಂತದಿಂದ ತುರುಕಕೂಡದು. ಕರಿಮದ್ದಿನ ಕಾಲದಲ್ಲಿ ಹುಟ್ಟಿದ ತೀರ ಹಳೆಯ ರೈಫಲುಗಳಿಗೆ ಈಗಿನ ಹೆಚ್ಚು ವೇಗದ ತೋಟಾಗಳು ಅಪಾಯಕರವಾದವು.

3. ಖಾಲಿಯೆಂದು ಖಚಿತಪಡಿಸಿಕೊಳ್ಳುವುದು

ಅಟ್ಟದಿಂದ ಇಳಿಸಿದ ಬಂದೂಕು ತುಂಬಿದೆಯೆಂದೇ ಭಾವಿಸಬೇಕು. ನಳಿಗೆಯ ಬಾಯನ್ನು ಮನುಷ್ಯರೂ ದನಕರುಗಳೂ ಇಲ್ಲದ ದಿಕ್ಕಿಗೆ, ಬರಿಯ ಮಣ್ಣಿನ ಕಡೆಗೆ ತಿರುಗಿಸಿ, ಬೆರಳನ್ನು ಕುದುರೆಯಿಂದ ದೂರವಿರಿಸಿ, ತೋಟಾಪೆಟ್ಟಿಗೆಯಿದ್ದರೆ ಅದನ್ನು ಮೊದಲು ಕಳಚಿ, ಅನಂತರ ಬೋಲ್ಟನ್ನು ಹಿಂದಕ್ಕೆ ಎಳೆಯಬೇಕು. ತೋಟಾ ಕೂರುವ ಮನೆಯನ್ನು ಕಣ್ಣಿನಿಂದ ನೋಡಿ, ಕಡ್ಡಿಯಿಂದ ಮುಟ್ಟಿಯೂ ಪರೀಕ್ಷಿಸಬೇಕು. ಬೋಲ್ಟು ತುಕ್ಕು ಹಿಡಿದು ಅಲುಗದಿದ್ದರೆ ಸುತ್ತಿಗೆಯಿಂದ ಹೊಡೆಯುವುದು ಪ್ರಾಣಕ್ಕೆ ಕುತ್ತು. ಒಳಗೆ ತೋಟಾ ಇದ್ದರೆ ಅದರ ಅಂಚಿಗೆ ತಾಗುವ ಪೆಟ್ಟೇ ಅದನ್ನು ಹಾರಿಸುವ ಪೆಟ್ಟು. ಅಂತಹ ಬಂದೂಕಿನ ವಿಷಯವನ್ನು ಲೈಸೆನ್ಸು ಪಡೆದ ಬಂದೂಕು ರಿಪೇರಿಯವರಿಗೆ ಮೊದಲು ತಿಳಿಸಿ, ಅವರು ಹೇಳಿದಂತೆ ನಡೆಯಬೇಕು.

ಹಳೆಯ ತೋಟಾಗಳು ಅಟ್ಟದಲ್ಲಿ ಸಿಕ್ಕಿದರೆ ಅವನ್ನು ಹಾರಿಸಿ ನೋಡಕೂಡದು, ಒಲೆಗೂ ಹಾಕಕೂಡದು, ಠಾಣೆಗೆ ತಿಳಿಸಿ ಒಪ್ಪಿಸತಕ್ಕದ್ದು. ತೇವ ತಗುಲಿದ ತೋಟಾ ಅರೆಬರೆ ಸಿಡಿದರೆ ಗುಂಡು ನಳಿಗೆಯ ನಡುವೆಯೇ ನಿಲ್ಲುವುದುಂಟು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

4. ಪರೀಕ್ಷೆ

ಬೋಲ್ಟನ್ನು ಹೊರತೆಗೆದು ನಳಿಗೆಯ ಹಿಂದಿನಿಂದ ಬೆಳಕಿನ ಕಡೆಗೆ ನೋಡಬೇಕು. ಒಳಗೆ ಸುರುಳಿಯಾಗಿ ಸಾಗುವ ತೋಡುಗಳು ಕಾಣುತ್ತವೆ. ಲಾಂಗ್ ರೈಫಲಿನಲ್ಲಿ ಇವು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ಸುತ್ತುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಹೋಗುವುದು ಇವುಗಳಿಂದಲೇ. ಒಳಗೆ ಒಂದೆಡೆ ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಹಿಂದೊಮ್ಮೆ ಉಬ್ಬಿದೆಯೆಂದು ತಿಳಿಯಬೇಕು. ಅದನ್ನು ರಿಪೇರಿಯವರು ನೋಡಿ ಒಪ್ಪುವ ತನಕ ಹಾರಿಸಕೂಡದು.

ಅಲ್ಲಲ್ಲಿ ಸಿಡುಬಿನ ಕಲೆಯಂತೆ ಕುಳಿಗಳಿದ್ದರೆ ಅವು ಹಳೆಯ ತೋಟಾಗಳ ಫಲ. 1920ರ ದಶಕದ ಕೊನೆಯವರೆಗೆ ತೋಟಾದ ಹೊತ್ತಿಸುವ ಮದ್ದಿನಲ್ಲಿ ಕ್ಲೋರೇಟು ಎಂಬ ಲವಣವಿರುವುದು ಸಾಮಾನ್ಯವಾಗಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಉಪ್ಪಿನ ಜಾತಿಯ ಬೂದಿ ಉಳಿಯುತ್ತಿತ್ತು. ಉಪ್ಪು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪು ನೀರಿನಲ್ಲಿ ಕರಗುವುದೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಎಷ್ಟು ಎಣ್ಣೆ ಹಾಕಿದವರ ನಳಿಗೆಯೂ ತುಕ್ಕು ಹಿಡಿಯಿತು. ಸಣ್ಣ ಕುಳಿಗಳಿದ್ದ ಮಾತ್ರಕ್ಕೆ ನಿರಾಶೆ ಬೇಡ. ತೋಡುಗಳು ಉಳಿದಿದ್ದು ನಳಿಗೆಯ ಬಾಯಂಚು ನುಣುಪಾಗಿದ್ದರೆ ಅಂತಹ ರೈಫಲು ಇನ್ನೂ ತಕ್ಕಮಟ್ಟಿಗೆ ನೆಟ್ಟಗೆ ಹೊಡೆಯುವುದುಂಟು.

ಅನಂತರ ತೋಟಾಮನೆಯ ಬಾಯನ್ನು ನೋಡಬೇಕು. ಖಾಲಿ ರೈಫಲಿನ ಕುದುರೆಯನ್ನು ಮಕ್ಕಳು ಆಟಕ್ಕೆಂದು ಎಳೆದೆಳೆದು ಬಿಟ್ಟಿದ್ದರೆ ಸೂಜಿಯು ಅಂಚಿನ ಉಕ್ಕನ್ನೇ ಕುಟ್ಟಿ ಅಲ್ಲೊಂದು ಗುಳಿ ಮಾಡಿರುತ್ತದೆ. ಗುಳಿಯ ಉಬ್ಬು ಒಳಕ್ಕೆ ಸರಿದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಇದನ್ನು ಸರಿಮಾಡಲು ತಕ್ಕ ಉಪಕರಣವುಂಟು. ಅದು ರಿಪೇರಿಯವರ ಕೆಲಸ. ತೋಟಾದ ಅಂಚು ಕೂರುವ ಎಡೆಯು ಸುಮಾರು 0.043 ಇಂಚು ಮಾತ್ರ. ಬೋಲ್ಟು ಸವೆದು ಈ ಎಡೆ ಹೆಚ್ಚಿದರೆ ಹಿತ್ತಾಳೆಯ ಅಂಚು ಒಡೆದು ಬಿಸಿ ಗಾಳಿ ಕಣ್ಣಿಗೆ ರಾಚೀತು. ಆದಕಾರಣ ಇದನ್ನೂ, ಕುದುರೆ ತಾನಾಗಿ ಜಾರುತ್ತದೆಯೇ ಎಂಬುದನ್ನೂ ಅವರಿಂದಲೇ ಅಳೆಯಿಸಿ ನೋಡಿಸತಕ್ಕದ್ದು. ಕುದುರೆಯನ್ನು ಹಗುರಮಾಡುತ್ತೇನೆಂದು ಅದರ ಕೊಕ್ಕೆಗೆ ಮನೆಯಲ್ಲಿ ಅರ ಹಾಕಕೂಡದು.

5. ತುಕ್ಕನ್ನು ತೆಗೆಯುವುದು

ಮೊದಲನೆಯದಾಗಿ, ತಿರುಪಿನ ಸೀಳಿಗೆ ಸರಿಯಾಗಿ ಕೂರುವ ತಿರುಪುಳಿಯನ್ನೇ ಹಿಡಿಯಬೇಕು. ಬಿಗಿದ ತಿರುಪಿಗೆ ಎಣ್ಣೆಯ ತೊಟ್ಟನ್ನು ಬಿಟ್ಟು ಒಂದು ದಿನ ಕಾಯಬೇಕು. ಕಳಚಿದ ಭಾಗಗಳನ್ನು ಕಳಚಿದ ಕ್ರಮದಲ್ಲಿಯೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು.

ಹೊರಗಣ ತುಕ್ಕಿಗೆ ತೆಳುವಾದ ಯಂತ್ರದ ಎಣ್ಣೆಯನ್ನು ಹಚ್ಚಿ ಎರಡು ದಿನ ಬಿಟ್ಟು, ಎಲ್ಲಕ್ಕಿಂತ ನಯವಾದ ಉಕ್ಕಿನ ನಾರಿನಿಂದ ಎಣ್ಣೆಯ ಮೇಲೆಯೇ ಮೆಲ್ಲಗೆ ತಿಕ್ಕಬೇಕು. ಕೆಂಪು ತುಕ್ಕು ಹೋಗಿ, ಕೆಳಗಿರುವ ನೀಲಿಗಪ್ಪು ಬಣ್ಣವು ಉಳಿಯುತ್ತದೆ. ಆ ಬಣ್ಣವು ಕೊಳೆಯಲ್ಲ. ಕಾರ್ಖಾನೆಯವರು ಕಬ್ಬಿಣಕ್ಕೆ ತೊಡಿಸಿದ ಕವಚ. ಗಂಟುತುಕ್ಕನ್ನು ತಾಮ್ರದ ತುಂಡಿನಿಂದ ಕೆರೆಯಬಹುದು. ತಾಮ್ರವು ಉಕ್ಕಿಗಿಂತ ಮೃದು. ಮುದ್ರೆ ಮತ್ತು ನಂಬರುಗಳಿರುವ ಕಡೆ ಎಣ್ಣೆಬಟ್ಟೆಯ ಹೊರತು ಬೇರೇನನ್ನೂ ತಾಗಿಸಕೂಡದು. ಮರಳುಕಾಗದ, ಇಟ್ಟಿಗೆಪುಡಿ, ಹುಣಿಸೆಹಣ್ಣು, ನಿಂಬೆಯ ರಸ ಇವು ಪೂಜೆಯ ಹಿತ್ತಾಳೆ ಸಾಮಾನಿಗೆ ಸಲ್ಲುವವೇ ಹೊರತು ಬಂದೂಕಿಗೆ ಸಲ್ಲವು. ಹುಳಿಯು ತುಕ್ಕಿನೊಡನೆ ನೀಲಿಗಪ್ಪನ್ನೂ ತಿಂದುಹಾಕುತ್ತದೆ.

ನಳಿಗೆಯ ಒಳಗನ್ನು ಸಾಧ್ಯವಿದ್ದಷ್ಟೂ ಹಿಂದಿನಿಂದಲೇ ತೊಳೆಯಬೇಕು. ಮುಂದಿನಿಂದ ಕಡ್ಡಿ ತೂರಿಸಿದರೆ ಅದು ಬಾಯಂಚನ್ನು ಒಂದು ಪಕ್ಕಕ್ಕೆ ಸವೆಸುತ್ತದೆ. ಗುಂಡು ನಳಿಗೆಯನ್ನು ಬಿಡುವ ಕಡೆಯ ಸ್ಥಳ ಅದೇ ಆದ್ದರಿಂದ ಅಲ್ಲಿನ ಸಣ್ಣ ಸವೆತವೂ ಗುರಿಯನ್ನು ಕೆಡಿಸುತ್ತದೆ. ಕಂಚಿನ ಕುಂಚವನ್ನು ಎಣ್ಣೆಯಲ್ಲಿ ಅದ್ದಿ ಹತ್ತಿಪ್ಪತ್ತು ಸಲ ಆಡಿಸಿ, ಬಟ್ಟೆಯ ತುಂಡು ಬೆಳ್ಳಗೆ ಹೊರಬರುವ ತನಕ ಒರಸಬೇಕು. ಒಂದೇ ದಿನದಲ್ಲಿ ಮುಗಿಸಬೇಕೆಂಬ ಹಟ ಬೇಡ.

ಕೊನೆಗೆ ಹಚ್ಚುವ ಎಣ್ಣೆಯು ತೆಳುವಾದ ಖನಿಜದ ಎಣ್ಣೆಯಾಗಿರಬೇಕು. ಅಡಿಗೆಯ ಎಣ್ಣೆಗಳು ಕಾಲಕ್ರಮದಲ್ಲಿ ಅಂಟಾಗಿ ಸೂಜಿಯನ್ನು ಹಿಡಿದುಕೊಳ್ಳುತ್ತವೆ. ಕೊಬ್ಬರಿಯ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಒರಸಿದ ಮೇಲೆ ತೆಳುಪೊರೆಯಷ್ಟು ಉಳಿದರೆ ಸಾಕು.

6. ಮರದ ಹಿಡಿ

ಹಳೆಯ ವಿಲಾಯಿತಿ ರೈಫಲುಗಳ ಹಿಡಿ ಹೆಚ್ಚಾಗಿ ಅಕ್ರೋಟಿನ ಮರದ್ದು. ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆಯನ್ನು ಇಟ್ಟು ಮೇಲೆ ಬಿಸಿಯಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದರೆ ಆವಿಯಿಂದ ಮರದ ನಾರು ಉಬ್ಬಿ ತಗ್ಗು ಮೇಲೇಳುತ್ತದೆ. ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಿ ಒಣಗಿಸಿ, ಮತ್ತೆ ತಿಕ್ಕಬೇಕು. ಅಗಸೆ ಎಣ್ಣೆಯ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಕೂಡದು. ಆ ಎಣ್ಣೆ ಒಣಗುವಾಗ ಬಿಸಿಯೇರಿ ಚಿಂದಿ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅವನ್ನು ನೀರಿನಲ್ಲಿ ನೆನೆಸಿ, ಬಿಡಿಸಿ ಹರಡಿ ಬಯಲಿನಲ್ಲಿ ಒಣಗಿಸಬೇಕು. ಹುಲ್ಲಿನ ಬಣವೆಯಿರುವ ಮನೆಯವರು ಈ ಮಾತನ್ನು ಅವಶ್ಯವಾಗಿ ಗಮನಿಸತಕ್ಕದ್ದು.

7. ಸೈಟುಗಳನ್ನು ಸರಿಪಡಿಸುವುದು

ರೈಫಲು ತಪ್ಪು ಹೊಡೆದರೆ ಕೂಡಲೇ ಸೈಟನ್ನು ದೂಷಿಸಬಾರದು. ಮರಕ್ಕೂ ನಳಿಗೆಗೂ ನಡುವಿನ ತಿರುಪು ಸಡಿಲವಾಗಿದ್ದರೂ, ಹಿಂದಿನ ಸೈಟು ತನ್ನ ಗಾಡಿಯಲ್ಲಿ ಅಲುಗುತ್ತಿದ್ದರೂ ಗುಂಡುಗಳು ಚದುರುತ್ತವೆ. ಆದ್ದರಿಂದ ಮೊದಲು ಎಲ್ಲ ತಿರುಪುಗಳನ್ನೂ ಬಿಗಿಯತಕ್ಕದ್ದು. ರಿಪೇರಿಯವರ ಒಪ್ಪಿಗೆ ದೊರೆತ ಬಳಿಕ, ರೈಫಲ್ ಸಂಘದ ಗುರಿಮೈದಾನದಲ್ಲಿ, ಗಾಳಿಯಿಲ್ಲದ ಬೆಳಗಿನ ಹೊತ್ತು ಈ ಪರೀಕ್ಷೆಯನ್ನು ನಡೆಸಬೇಕು. ಊರಿನ ಕೆರೆಯ ಏರಿ, ಬಂಡೆ, ಗೋಮಾಳ ಇವು ಗುರಿಮೈದಾನಗಳಲ್ಲ.

25 ಗಜ ದೂರದಲ್ಲಿ ಬಿಳಿಯ ಕಾಗದದ ನಡುವೆ ಎರಡು ಇಂಚಿನ ಕಪ್ಪು ವೃತ್ತವನ್ನಿಟ್ಟು, ಹಿಡಿಯ ಮುಂಭಾಗವನ್ನು ಮರಳಿನ ಚೀಲದ ಮೇಲೆ ಊರಿ, ಒಂದೇ ಜಾತಿಯ ಐದು ತೋಟಾಗಳನ್ನು ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆಯಬೇಕು. ನಳಿಗೆಯನ್ನೇ ಚೀಲಕ್ಕೆ ತಾಗಿಸಕೂಡದು. ಒಂದು ಗುಂಡನ್ನು ನೋಡಿ ಸೈಟನ್ನು ತಿರುಗಿಸುವುದು, ಒಂದು ತೆನೆಯನ್ನು ನೋಡಿ ಇಡೀ ಹೊಲದ ಇಳುವರಿ ಹೇಳಿದಂತೆ. ಐದು ರಂಧ್ರಗಳ ಗುಂಪಿನ ನಡುವನ್ನು ಗುರುತಿಸಿ, ಅದು ಗುರಿಯಿಂದ ಎಷ್ಟು ಇಂಚು ದೂರವಿದೆಯೆಂದು ಅಳೆಯಬೇಕು. ರಂಧ್ರಗಳು ಗುಂಪುಗೂಡದೆ ಚೆಲ್ಲಾಪಿಲ್ಲಿಯಾಗಿದ್ದರೆ ತಪ್ಪು ಸೈಟಿನದಲ್ಲ. ಮೇಲಿನ ಪರೀಕ್ಷೆಗಳನ್ನು ಮತ್ತೆ ಮಾಡಬೇಕು.

ಗುಂಪು ಬಿಗಿಯಾಗಿದ್ದು ಸ್ಥಾನ ಮಾತ್ರ ತಪ್ಪಿದ್ದರೆ ಈ ನಿಯಮವನ್ನು ಅನುಸರಿಸತಕ್ಕದ್ದು:

ಹಿಂದಿನ ಸೈಟನ್ನು, ಗುಂಡು ಯಾವ ಕಡೆಗೆ ಹೋಗಬೇಕೋ ಅದೇ ಕಡೆಗೆ ಸರಿಸಬೇಕು. ಮುಂದಿನ ಸೈಟನ್ನು ಅದಕ್ಕೆ ವಿರುದ್ಧವಾದ ಕಡೆಗೆ ಸರಿಸಬೇಕು.

ಎಷ್ಟು ಸರಿಸಬೇಕೆಂಬುದಕ್ಕೆ ಲೆಕ್ಕವುಂಟು. ಗುರಿಯಲ್ಲಿ ಕಂಡ ತಪ್ಪನ್ನು ಎರಡು ಸೈಟುಗಳ ನಡುವಣ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು, ಎಲ್ಲವೂ ಇಂಚುಗಳಲ್ಲಿರಬೇಕು. ಉದಾಹರಣೆಗೆ: ಸೈಟುಗಳ ನಡುವೆ 20 ಇಂಚು, ಗುರಿಯ ದೂರ 25 ಗಜ, ಎಂದರೆ 900 ಇಂಚು, ಗುಂಪು ಗುರಿಗಿಂತ 3 ಇಂಚು ಎಡಕ್ಕೆ ಬಿದ್ದಿದೆ. ಮೂರನ್ನು ಇಪ್ಪತ್ತರಿಂದ ಗುಣಿಸಿದರೆ 60. ಅದನ್ನು 900ರಿಂದ ಭಾಗಿಸಿದರೆ 0.067 ಇಂಚು, ಸುಮಾರು 1.7 ಮಿಲಿಮೀಟರು. ಹಿಂದಿನ ಸೈಟನ್ನು ಇಷ್ಟೇ ಬಲಕ್ಕೆ ಸರಿಸಬೇಕು. ಇದು ಒಂದು ರಾಗಿಕಾಳಿನ ಗಾತ್ರ. ಸರಿಸುವ ಮುನ್ನ ಸೈಟಿನ ಹಳೆಯ ಸ್ಥಾನವನ್ನು ಸೀಸದಕಡ್ಡಿಯಿಂದ ಗೆರೆಯೆಳೆದು ಗುರುತಿಟ್ಟು, ಹಿತ್ತಾಳೆಯ ಕಡ್ಡಿಯನ್ನು ನಡುವೆ ಹಿಡಿದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಮತ್ತೆ ಐದು ತೋಟಾ ಹೊಡೆದು ನೋಡಬೇಕು.

ಮೇಲುಕೆಳಗಿನ ತಪ್ಪಿಗೂ ಲೆಕ್ಕ ಇದೇ. ಗುಂಡು ಕೆಳಗೆ ಬಿದ್ದರೆ ಹಿಂದಿನ ಸೈಟನ್ನು ಅದರ ಮೆಟ್ಟಿಲಿನ ಮೇಲೆ ಎತ್ತರಿಸಬೇಕು. ಮೇಲೆ ಬಿದ್ದರೆ ತಗ್ಗಿಸಬೇಕು. ಹಿಂದಿನ ಸೈಟಿಗೆ ಮೆಟ್ಟಿಲಿಲ್ಲದಿದ್ದರೆ, ಅಥವಾ ಮೆಟ್ಟಿಲು ಮುಗಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಮಾತ್ರ ಮುಂದಿನ ಸೈಟಿನ ತುದಿಗೆ ಅರ ಹಾಕುವ ಪ್ರಸಂಗ ಬರುತ್ತದೆ. ಮುಂದಿನ ಸೈಟು ತಗ್ಗಿದರೆ ಗುಂಡು ಮೇಲಕ್ಕೇರುತ್ತದೆ. ಮೇಲಿನ ರೈಫಲಿನಲ್ಲಿ ಗುಂಪು 2 ಇಂಚು ಕೆಳಗಿದ್ದರೆ ತೆಗೆಯಬೇಕಾದ ಲೋಹ 0.044 ಇಂಚು, ಸುಮಾರು 1.1 ಮಿಲಿಮೀಟರು ಮಾತ್ರ. ಅದರಲ್ಲಿ ಅರ್ಧವನ್ನು ಮಾತ್ರ ಮೊದಲು ಉಜ್ಜಿ, ಹೊಡೆದು ನೋಡಿ, ಉಳಿದುದನ್ನು ಆಮೇಲೆ ಉಜ್ಜಬೇಕು. ಗುಂಡು ಮೇಲೆ ಬೀಳುತ್ತಿದ್ದರೆ ಮುಂದಿನ ಸೈಟಿಗೆ ಅರವನ್ನು ತಾಗಿಸಲೇಕೂಡದು, ತಪ್ಪು ಇಮ್ಮಡಿಯಾಗುತ್ತದೆ.

ಮೇಲೆ ಹೇಳಿದ ಅಡಿಕೆ ಬೆಳೆಗಾರರ ರೈಫಲಿನಲ್ಲಿ ಈ ತಪ್ಪೂ ನಡೆದಿತ್ತು. ಗುಂಡು ಕೆಳಗೆ ಬೀಳುತ್ತದೆಂದು ಮುಂದಿನ ಸೈಟನ್ನು ಅರ್ಧದಷ್ಟು ಉಜ್ಜಿದ್ದರು. ಕಡೆಗೆ ನೋಡಿದರೆ ಹಿಂದಿನ ಸೈಟಿನ ಮೆಟ್ಟಿಲು ತನ್ನ ಸ್ಥಾನದಿಂದ ಜಾರಿ ಕೆಳಗೆ ಕುಳಿತಿತ್ತು. ಅದನ್ನು ಸ್ಥಾನಕ್ಕೆ ಏರಿಸಿದ ಕೂಡಲೇ ಗುಂಡು ಗುರಿಯ ಕಾಗದವನ್ನೇ ದಾಟಿ ಮೇಲೆ ಹೋಗತೊಡಗಿತು. ಬೆರಳಿನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಸೈಟನ್ನು ಮಾಡಿಸಬೇಕಾಯಿತು.

25 ಗಜಕ್ಕೆ ಸರಿಹೋದ ಮೇಲೆ 50 ಗಜಕ್ಕೆ ನೋಡಿ ಅಲ್ಲಿ ನಿಲ್ಲಿಸುವುದು ಯುಕ್ತ. 50 ಗಜಕ್ಕೆ ಸರಿಯಾದ ಲಾಂಗ್ ರೈಫಲ್ ಗುಂಡು 100 ಗಜದಲ್ಲಿ ಸುಮಾರು 6-7 ಇಂಚು ಕೆಳಗೆ ಬೀಳುತ್ತದೆ. ಕುದುರೆ ಎಳೆದರೂ ತೋಟಾ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ನಿಧಾನವಾಗಿ ಮೂವತ್ತನ್ನು ಎಣಿಸಿ, ಆಮೇಲೆ ಬೋಲ್ಟನ್ನು ತೆರೆಯಬೇಕು. ಶಬ್ದ ಕ್ಷೀಣವಾಗಿ ಕೇಳಿದರೆ ನಳಿಗೆಯಲ್ಲಿ ಗುಂಡು ಉಳಿದಿದೆಯೋ ಎಂದು ನೋಡದೆ ಮುಂದಿನದನ್ನು ತುಂಬಕೂಡದು.

8. ಇದರಿಂದ ಆಗುವುದೂ ಆಗದುದೂ

ಹಂದಿಯ ಕಾಟವಿರುವ ಊರುಗಳಲ್ಲಿ ಈ ರೈಫಲಿನಿಂದ ಬೆಳೆ ಕಾಯಬಹುದೆಂಬ ಭ್ರಮೆಯುಂಟು. ಎರಡೂವರೆ ಗ್ರಾಮಿನ ಸೀಸವು ಹಂದಿಯನ್ನು ಕೊಲ್ಲದೆ ಗಾಯಗೊಳಿಸಿಬಿಡುತ್ತದೆ. ಗಾಯಗೊಂಡ ಹಂದಿಯು ಮರುದಿನ ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸರ ಮೇಲೆ ಬಿದ್ದರೆ ಹೊಣೆ ಯಾರದು? ಇದಲ್ಲದೆ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಕಾಡುಪ್ರಾಣಿಗಳನ್ನು ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲುವಂತಿಲ್ಲ. ರಾಷ್ಟ್ರಪಕ್ಷಿಯಾದ ನವಿಲು ಎಷ್ಟೇ ಬೆಳೆ ತಿಂದರೂ ಅದರ ಮೇಲೆ ಬಂದೂಕೆತ್ತುವುದು ಸೆರೆಮನೆಗೆ ದಾರಿ. ಬೆಳೆಹಾನಿಯಾದವರು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವುದೇ ಸರಿಯಾದ ಮಾರ್ಗ.

ಸಣ್ಣ ಗುಂಡೆಂದು ಉದಾಸೀನವೂ ಬೇಡ. ಇದು ಒಂದು ಮೈಲಿಗೂ ಮೀರಿ ಹಾರಬಲ್ಲದು. ನೀರಿಗೂ ಕಲ್ಲಿಗೂ ತಾಗಿ ಎತ್ತೆತ್ತಲೋ ನೆಗೆಯಬಲ್ಲದು. ಗುರಿಯ ಹಿಂದೆ ಎತ್ತರವಾದ ಮಣ್ಣಿನ ದಿಬ್ಬವಿಲ್ಲದ ಕಡೆ ಹೊಡೆಯಲೇಕೂಡದು. ಈ ರೈಫಲಿನ ಸದುಪಯೋಗವೆಂದರೆ ಗುರಿಯಭ್ಯಾಸವು ಮತ್ತು ಹಿರಿಯರ ವಸ್ತುವನ್ನು ಕೆಡದಂತೆ ಕಾಯುವುದು.

ಗೋಣಿಯಲ್ಲಿಯೂ ಚರ್ಮದ ಚೀಲದಲ್ಲಿಯೂ ಸುತ್ತಿಡಬೇಡಿರಿ. ಎರಡೂ ತೇವವನ್ನು ಹಿಡಿದಿಡುತ್ತವೆ. ಬೀಗವಿರುವ ಒಣ ಕಪಾಟಿನಲ್ಲಿ ರೈಫಲನ್ನು, ಬೇರೊಂದು ಬೀಗದಲ್ಲಿ ತೋಟಾಗಳನ್ನು ಇಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರಸತಕ್ಕದ್ದು.

ಸಾರಾಂಶ

(1) ಲೈಸೆನ್ಸು ಮತ್ತು ನಂಬರನ್ನು ಮೊದಲು ತಾಳೆ ನೋಡಿರಿ. (2) ಬಂದೂಕು ತುಂಬಿದೆಯೆಂದೇ ಭಾವಿಸಿ ಪರೀಕ್ಷಿಸಿರಿ. (3) ಎಣ್ಣೆ ಮತ್ತು ತಾಳ್ಮೆಯಿಂದ ತುಕ್ಕು ತೆಗೆಯಿರಿ; ಮರಳುಕಾಗದವನ್ನು ಮುಟ್ಟಬೇಡಿರಿ. (4) ತೋಟಾಮನೆ, ಬೋಲ್ಟು, ಕುದುರೆ ಇವನ್ನು ಲೈಸೆನ್ಸು ಪಡೆದ ರಿಪೇರಿಯವರಿಗೆ ಬಿಡಿರಿ. (5) ಐದು ಗುಂಡುಗಳ ಗುಂಪನ್ನು ಅಳೆದು, ಲೆಕ್ಕಹಾಕಿ, ಹಿಂದಿನ ಸೈಟನ್ನು ಸರಿಸಿರಿ. (6) ಅರವನ್ನು ಎಲ್ಲಕ್ಕಿಂತ ಕಡೆಗೆ ಕೈಗೆತ್ತಿಕೊಳ್ಳಿರಿ.

ಗ್ರಾಮದ ಯಜಮಾನರು ಈ ವಿಷಯಗಳನ್ನು ತಮ್ಮ ಊರಿನ ಯುವಕರಿಗೆ ಓದಿ ಹೇಳಿದರೆ ಒಂದೆರಡು ಹಳೆಯ ರೈಫಲುಗಳೂ, ಅದಕ್ಕಿಂತ ಮಿಗಿಲಾಗಿ ಒಂದೆರಡು ಕೈಕಣ್ಣುಗಳೂ ಉಳಿದಾವು.